ತಡವಾಗಿ ಬರುವ ಓದುಗರಿಗಾಗಿ ಒಂದು ಬ್ಲಾಗು

ನಿಂತುಹೋದ ಕನ್ನಡ ಬ್ಲಾಗುಗಳ ಕೊನೆಯ ಬರಹ ಬಹುಪಾಲು ಒಂದೇ ಥರ ಇರುತ್ತದೆ. ‘ತುಂಬಾ ದಿನದಿಂದ ಇತ್ತ ಬರಲಾಗಲಿಲ್ಲ, ಕೆಲಸದ ಒತ್ತಡ, ಕ್ಷಮೆಯಿರಲಿ. ಇನ್ನು ಮುಂದೆ ವಾರಕ್ಕೊಂದಾದರೂ ಬರೆಯುತ್ತೇನೆ.’ ಕೆಳಗೆ ಇಬ್ಬರು ‘ಬರೀರಿ ಸಾರ್, ಕಾಯ್ತಿದೀವಿ’ ಎಂದಿರುತ್ತಾರೆ. ಅದಾದ ಮೇಲೆ ಏನೂ ಇಲ್ಲ.

ವಿಚಿತ್ರವೆಂದರೆ, ಬರೆದವರು ಬಿಟ್ಟುಹೋದ ಮೇಲೂ ಅಂಥ ಬ್ಲಾಗುಗಳಿಗೆ ಓದುಗರು ಬರುತ್ತಲೇ ಇರುತ್ತಾರೆ. ಪುಣೆಯ ಬಾಡಿಗೆ ಮನೆಯಲ್ಲಿ ಒಂದೆಲಗದ ತಂಬುಳಿ ಮಾಡಲು ಹೊರಟ ಹುಡುಗ ಬರುತ್ತಾನೆ. ಅಜ್ಜನ ಊರಿನ ತೇರು ಯಾವ ತಿಂಗಳಲ್ಲಿ ಎಂದು ತಿಳಿಯಬೇಕಾದ ಮೊಮ್ಮಗಳು ಬರುತ್ತಾಳೆ. ಬೇಕಾದದ್ದು ಸಿಕ್ಕರೆ ಓದಿ, ಮರುಮಾತಿಲ್ಲದೆ ಹೋಗುತ್ತಾರೆ.

ಬ್ಲಾಗು ನಡೆಸುವವರ ಏಳುಬೀಳುಗಳೆಲ್ಲ ಈ ಕಾಲದ ಅಂತರದಲ್ಲಿವೆ ಎಂದು ನನಗನ್ನಿಸುತ್ತದೆ. ಹೊಗಳಿಕೆ ಮೊದಲ ವಾರವೇ ಬರುತ್ತದೆ, ಅದೂ ಪರಿಚಿತರಿಂದ. ಬರಹ ನಿಜಕ್ಕೂ ಬೇಕಾದವರು ಮೂರು ನಾಲ್ಕು ವರ್ಷ ಬಿಟ್ಟು ಬರುತ್ತಾರೆ, ಅವರು ಬಂದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಹೊಗಳಿಕೆಯನ್ನು ನೆಚ್ಚಿ ಬರೆದವರಿಗೆ ಆರು ತಿಂಗಳಲ್ಲಿ ಉಸಿರು ಕಟ್ಟುತ್ತದೆ. ತಡವಾಗಿ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡವರು ಹೇಗೋ ಉಳಿದುಕೊಳ್ಳುತ್ತಾರೆ. ಹಾಗೆ ಉಳಿಯಬೇಕೆಂದಿರುವವರಿಗೆ ಇಲ್ಲಿ ಕೆಲವು ಸಲಹೆಗಳಿವೆ.

ಗದ್ದಲದ ಕಾಲ ಮುಗಿದ ಮೇಲೆ

1996ರಲ್ಲಿ ಯು.ಬಿ. ಪವನಜ ‘ವಿಶ್ವಕನ್ನಡ’ ಶುರುಮಾಡಿದಾಗ ಕಂಪ್ಯೂಟರ್ ಪರದೆಯ ಮೇಲೆ ಕನ್ನಡ ಮೂಡಿಸುವುದೇ ಒಂದು ಸಾಹಸ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟು ಬಂದು, ಯುನಿಕೋಡ್ ಕನ್ನಡ ಮನೆಮನೆಯ ಕಂಪ್ಯೂಟರಿನಲ್ಲಿ ಕಾಣತೊಡಗಿದ ಮೇಲೆ ಬಾಗಿಲು ತೆರೆಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’, ಆಮೇಲೆ ‘ಕೆಂಡಸಂಪಿಗೆ’, ‘ಅವಧಿ’. ಗೂಗಲ್ 2003ರಲ್ಲಿ ಕೊಂಡುಕೊಂಡಿದ್ದ ‘ಬ್ಲಾಗರ್’ ಪುಕ್ಕಟೆಯಾಗಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಂದ, ದುಬೈ ಮತ್ತು ನ್ಯೂಜೆರ್ಸಿಯ ಮನೆಗಳಿಂದ ಊರಿನ ನೆನಪುಗಳು ಮಳೆಗಾಲದ ಅಣಬೆಯಂತೆ ಎದ್ದವು. ಒಬ್ಬರ ಬ್ಲಾಗಿನ ಬದಿಯಲ್ಲಿ ಇನ್ನೊಬ್ಬರ ಬ್ಲಾಗಿನ ಹೆಸರು ಇರುತ್ತಿತ್ತು. ಬರೆಯುವವರೇ ಓದುಗರು, ಓದುಗರೇ ಬರೆಯುವವರು. ‘ಚೆನ್ನಾಗಿದೆ’ ಎಂಬ ಮಾತಿಗೆ ಪ್ರತಿಯಾಗಿ ಅವರ ಬ್ಲಾಗಿಗೂ ಹೋಗಿ ‘ಚೆನ್ನಾಗಿದೆ’ ಎಂದು ಬರುವುದು ಮದುವೆಮನೆಯ ಮುಯ್ಯಿಯಷ್ಟೇ ಕಡ್ಡಾಯವಾಗಿತ್ತು.

ಆ ಸಂತೆ ಚದುರಿದ್ದಕ್ಕೆ ಫೇಸ್‌ಬುಕ್ಕನ್ನು ಎಲ್ಲರೂ ಬೈಯುತ್ತಾರೆ. ಸ್ವಲ್ಪ ನಿಜ. ಆದರೆ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದ್ದೂ ಸಣ್ಣ ಪೆಟ್ಟಲ್ಲ. 2021ರ ಜುಲೈನಲ್ಲಿ ಫೀಡ್‌ಬರ್ನರ್‌ನ ಇಮೇಲ್ ಸೇವೆಯೂ ನಿಂತಿತು. ‘ಇಮೇಲ್ ಮೂಲಕ ಪಡೆಯಿರಿ’ ಎಂಬ ಪೆಟ್ಟಿಗೆ ಹಲವು ಹಳೆಯ ಬ್ಲಾಗುಗಳಲ್ಲಿ ಇನ್ನೂ ಇರಬಹುದು, ಅಲ್ಲಿ ವಿಳಾಸ ಕೊಟ್ಟವರಿಗೆ ಏನೂ ತಲುಪುವುದಿಲ್ಲ. ನಿಮ್ಮಲ್ಲಿದ್ದರೆ ಇವತ್ತೇ ತೆಗೆದುಬಿಡಿ. ಬದಲಿಗೆ, ಹೊಸ ಬರಹ ಹಾಕಿದಾಗ ತಿಳಿಸಿ ಎಂದು ಕೇಳಿದವರದೊಂದು ವಾಟ್ಸಾಪ್ ಪಟ್ಟಿ ಇಟ್ಟುಕೊಂಡರೆ ಸಾಕು. ಕೇಳದವರನ್ನು ಅದರಲ್ಲಿ ಸೇರಿಸಬೇಡಿ, ನೆಂಟರನ್ನಂತೂ ಖಂಡಿತ ಬೇಡ.

ಗದ್ದಲ ಹೋದದ್ದು ಒಳ್ಳೆಯದೇ ಆಯಿತು ಎನ್ನುವವರಲ್ಲಿ ನಾನೊಬ್ಬ. ಮಂಗಳೂರಿನ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದ ಮೇಲೂ ಜಿ.ಎನ್. ಅಶೋಕವರ್ಧನ ತಮ್ಮ ಜಾಲತಾಣದಲ್ಲಿ ಪುಸ್ತಕೋದ್ಯಮ, ಯಕ್ಷಗಾನ, ಘಟ್ಟದ ಸುತ್ತಾಟಗಳನ್ನು ದೀರ್ಘವಾಗಿ ಬರೆದುಕೊಂಡು ಬಂದಿದ್ದಾರೆ. ಅಷ್ಟು ಉದ್ದದ ಪ್ರವಾಸಕಥನಕ್ಕೆ ಯಾವ ವಾರಪತ್ರಿಕೆಯೂ ಜಾಗ ಕೊಡುವುದಿಲ್ಲ, ಫೇಸ್‌ಬುಕ್ಕಿನಲ್ಲಿ ಹಾಕಿದರೆ ಮರುದಿನಕ್ಕೆ ಕಾಣೆ. ಸ್ವಂತ ಬ್ಲಾಗಿನ ದೊಡ್ಡ ಸುಖ ಇದು: ಪದಮಿತಿ ಇಲ್ಲ, ಸಂಪಾದಕರ ಕತ್ತರಿ ಇಲ್ಲ. ದೊಡ್ಡ ಕಷ್ಟವೂ ಇದೇ. ಕತ್ತರಿ ಹಾಕುವವರು ಬೇಕಿತ್ತು ಎನಿಸುವ ಬರಹಗಳು ನಮ್ಮ ಬ್ಲಾಗುಗಳಲ್ಲಿ ಧಾರಾಳವಾಗಿವೆ.

ವಿಳಾಸ ನಿಮ್ಮದಾಗಿರಲಿ

ಎಲ್ಲಿ ಶುರುಮಾಡಬೇಕು ಎಂದು ಕೇಳಿದವರಿಗೆ ನನ್ನ ಉತ್ತರ ಹಳೇ ಕಾಲದ್ದೆನಿಸಬಹುದು: ಬ್ಲಾಗರ್. ನೋಡಲು ಸಾದಾ, ವರ್ಷಗಳಿಂದ ದೊಡ್ಡ ಬದಲಾವಣೆಯಿಲ್ಲ. ಆದರೆ ಪುಕ್ಕಟೆ, ಭದ್ರತೆಯ ತಲೆನೋವು ನಿಮ್ಮದಲ್ಲ, ಮತ್ತು ಸ್ವಂತ ವಿಳಾಸವನ್ನು ಅದಕ್ಕೆ ಜೋಡಿಸಲು ಬ್ಲಾಗರ್ ಹಣ ಕೇಳುವುದಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಬರೆಯುವ ಅನುಕೂಲ ಹೆಚ್ಚು, ಸ್ವಂತ ವಿಳಾಸ ಬೇಕೆಂದರೆ ಹಣ ಕಟ್ಟುವ ಯೋಜನೆಗೆ ಹೋಗಬೇಕು. ಮೂರನೆಯ ದಾರಿ, ಬಾಡಿಗೆ ಸರ್ವರಿನಲ್ಲಿ ವರ್ಡ್‌ಪ್ರೆಸ್ ಹಾಕಿಕೊಳ್ಳುವುದು. ಅದಕ್ಕೆ ಆಗಾಗ ಅಪ್‌ಡೇಟ್ ಮಾಡಬೇಕು, ಮಾಡದಿದ್ದರೆ ಹಳೆಯ ಪ್ಲಗಿನ್ ಮೂಲಕ ಯಾರೋ ನುಗ್ಗಿ ಔಷಧಿಯ ಜಾಹೀರಾತು ತುಂಬಿಸುತ್ತಾರೆ. ಬರೆಯುವ ಹುಮ್ಮಸ್ಸು ಮೊದಲ ಎರಡು ವರ್ಷ ನಿಂತಿತು ಎಂದಾದರೆ ಮಾತ್ರ ಅತ್ತ ಯೋಚಿಸಿ.

ಯಾವುದನ್ನೇ ಆರಿಸಿಕೊಳ್ಳಿ, ಸ್ವಂತ ಡೊಮೇನ್ ಹೆಸರೊಂದನ್ನು ಕೊಂಡುಕೊಳ್ಳಿ. ಡಾಟ್ ಇನ್ ಅಥವಾ ಡಾಟ್ ಕಾಮ್‌ಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಚೀಚೆ. ಮೊದಲ ವರ್ಷ ನೂರಿನ್ನೂರಕ್ಕೆ ಕೊಡುವ ಅಂಗಡಿಗಳ ನವೀಕರಣದ ದರ ಎಷ್ಟೆಂದು ಮೊದಲೇ ನೋಡಿ, ಕೈಚಳಕವೆಲ್ಲ ಅಲ್ಲೇ ಇರುವುದು. ಸ್ವಂತ ವಿಳಾಸದ ಲಾಭವೇನೆಂದರೆ ನಾಳೆ ಬ್ಲಾಗರ್ ಬಿಟ್ಟು ಬೇರೆಡೆ ಹೋದರೂ ಓದುಗರು ಅದೇ ಬಾಗಿಲಿಗೆ ಬರುತ್ತಾರೆ. ಹೆಸರು ನೋಂದಾಯಿಸುವಾಗ ಖಾತೆ ನಿಮ್ಮದೇ ಇಮೇಲಿನಲ್ಲಿರಲಿ. ‘ನಾನು ಮಾಡಿಕೊಡ್ತೀನಿ ಬಿಡಿ’ ಎಂದ ಸೋದರಳಿಯನ ಖಾತೆಯಲ್ಲಿ ಬೇಡ, ಅವನು ಕೆನಡಾಕ್ಕೆ ಹೋದ ಮೇಲೆ ನವೀಕರಣದ ಇಮೇಲನ್ನು ನೋಡುವವರಿಲ್ಲ.

ನವೀಕರಣ ಮರೆಯುವುದೇ ಡೊಮೇನ್ ಕಳೆದುಕೊಳ್ಳುವ ನೇರ ದಾರಿ. ‘ಆಟೋ ರಿನ್ಯೂವಲ್ ಇದೆ’ ಎಂದು ನೆಮ್ಮದಿಯಾಗಿರಬೇಡಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವಹಿವಾಟುಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ಮುಂಚಿತವಾಗಿ ನಿಮ್ಮ ಒಪ್ಪಿಗೆ ದಾಖಲಾಗಿರದಿದ್ದರೆ ಪಾವತಿ ಬಿದ್ದುಹೋಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸಾಧ್ಯವಾದರೆ ಮೂರು ವರ್ಷಕ್ಕೊಮ್ಮೆ ಕಟ್ಟಿಬಿಡಿ. ಕೈಬಿಟ್ಟ ಒಳ್ಳೆಯ ಹೆಸರುಗಳನ್ನು ಕಾದು ಕೊಳ್ಳುವವರಿದ್ದಾರೆ. ಕವಿತೆಯ ಬ್ಲಾಗೊಂದರ ವಿಳಾಸದಲ್ಲಿ ಜೂಜಿನ ಜಾಹೀರಾತು ಕಾಣಿಸಿಕೊಳ್ಳುವುದು ಹೀಗೆ.

ಕನ್ನಡಕ್ಕೇ ಇರುವ ತಾಪತ್ರಯಗಳು

ಇಂಗ್ಲಿಷಿನಲ್ಲಿ ಬ್ಲಾಗು ಬರೆಯುವವರಿಗೆ ಗೊತ್ತಿಲ್ಲದ ಕೆಲವು ಕಿರಿಕಿರಿಗಳು ನಮಗಿವೆ. ಇವನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಗೆದ್ದಂತೆ, ಏಕೆಂದರೆ ತಡವಾಗಿ ಬರುವವರೆಲ್ಲ ಹುಡುಕಿಕೊಂಡೇ ಬರುವವರು.

ಮೊದಲನೆಯದು ಕೊಂಡಿ. ಬ್ಲಾಗರಿನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದರಿಂದ ಕೊಂಡಿ ಕಟ್ಟಲು ಅದಕ್ಕೆ ಬರುವುದಿಲ್ಲ. ಎಲ್ಲಕ್ಕೂ ‘ಬ್ಲಾಗ್ ಪೋಸ್ಟ್’ ಎಂದು ಹೆಸರಿಟ್ಟು ಮುಂದೊಂದು ಸಂಖ್ಯೆ ಅಂಟಿಸುತ್ತದೆ. ನೂರು ಬರಹಗಳಾದ ಮೇಲೆ ಯಾವ ಕೊಂಡಿ ಯಾವುದರದ್ದೆಂದು ನಿಮಗೇ ತಿಳಿಯುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಕಷ್ಟ ತಿರುವುಮುರುವು. ಅದು ಕನ್ನಡವನ್ನು ಇಟ್ಟುಕೊಳ್ಳುತ್ತದೆ, ಆದರೆ ಪ್ರತಿ ಸಂಕೇತವನ್ನೂ ಶೇಕಡಾ ಚಿಹ್ನೆ ಬೆರೆತ ಒಂಬತ್ತು ಅಕ್ಷರಗಳಾಗಿ ಮಾರ್ಪಡಿಸುತ್ತದೆ. ‘ಕ್ಷಿ’ ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ನಾಲ್ಕು ಸಂಕೇತ, ಕೊಂಡಿಯಲ್ಲಿ ಮೂವತ್ತಾರು ಅಕ್ಷರ. ವರ್ಡ್‌ಪ್ರೆಸ್ ಇದಕ್ಕೆ ಕೊಡುವ ಜಾಗ 200 ಅಕ್ಷರ ಮಾತ್ರ. ಇಪ್ಪತ್ತೆರಡು ಸಂಕೇತ ದಾಟುವಾಗಲೇ ಶೀರ್ಷಿಕೆಯ ಕುತ್ತಿಗೆ ಕಟ್. ವಾಟ್ಸಾಪಿನಲ್ಲಿ ಹಂಚಿದರೆ ಆರೇಳು ಸಾಲು ಗೀಚಿದಂತೆ ಕಾಣುವ ಕೊಂಡಿಯನ್ನು ಯಾರು ಒತ್ತುತ್ತಾರೆ? ವೈರಸ್ ಎಂದುಕೊಳ್ಳುತ್ತಾರೆ.

ಎರಡಕ್ಕೂ ಮದ್ದು ಒಂದೇ. ಪ್ರಕಟಿಸುವ ಮೊದಲು ‘ಪರ್ಮಲಿಂಕ್’ ಎಂಬಲ್ಲಿ ನೀವೇ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಪದ ಬರೆಯಿರಿ. ತಂಬುಳಿಯ ಬರಹಕ್ಕೆ ‘ಒಂದೆಲಗ ತಂಬುಳಿ’ ಎಂಬುದನ್ನೇ ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟರಾಯಿತು. ಇನ್ನೊಂದು ಉಪಯೋಗವೂ ಇದೆ: ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ ಹುಡುಕುವವರು ಬಹಳ ಜನ. ಬ್ಲಾಗರಿನಲ್ಲಿ ಪ್ರಕಟವಾದ ಮೇಲೆ ಕೊಂಡಿ ತಿದ್ದಬೇಕೆಂದರೆ ಬರಹವನ್ನು ಮತ್ತೆ ಕರಡಿಗೆ ಇಳಿಸಬೇಕು, ಅಷ್ಟರಲ್ಲಿ ಹಳೆಯ ಕೊಂಡಿ ಹಂಚಿಹೋಗಿರುತ್ತದೆ. ಆದ್ದರಿಂದ ಮೊದಲೇ ಮಾಡಿ.

ಎರಡನೆಯದು ಸೊನ್ನೆ. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಬ್ಲಾಗುಗಳಲ್ಲಿ ‘ಬೆಂಗಳೂರು’ ಎಂಬಲ್ಲಿ ಅನುಸ್ವಾರದ ಬದಲು ಅಂಕಿಯೇ ಕುಳಿತಿರುವುದು ಎಷ್ಟೋ ಕಡೆ ಇದೆ. ಓದಲು ಅಡ್ಡಿಯಿಲ್ಲ, ಹುಡುಕಿದರೆ ಕೈತಪ್ಪುತ್ತದೆ. ಬ್ರೌಸರಿನಲ್ಲಿ ನಿಮ್ಮ ಪುಟ ತೆರೆದು ಅಂಕಿ ಸೊನ್ನೆಯನ್ನು ಹುಡುಕಿ ನೋಡಿ, ಪದದ ನಡುವೆ ಸಿಕ್ಕಿದ್ದೆಲ್ಲ ತಿದ್ದಬೇಕಾದದ್ದೇ.

ಮೂರನೆಯದು ಹಳೆಯ ಕಡತಗಳು. ಮೊದಲಿನ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಟೈಪಿಸಿದ್ದು ಯುನಿಕೋಡ್ ಅಲ್ಲ. ಹಾಗೇ ತಂದು ಅಂಟಿಸಿದರೆ ಮೋಡಿ ಲಿಪಿಯಂತೆ ಕಾಣುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಒತ್ತಕ್ಷರ, ಅರ್ಕಾವೊತ್ತು, ದೀರ್ಘಗಳನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು. ಈ ತಲೆನೋವು ಬೇಡವೆಂದು ಕೆಲವರು ಬರಹವನ್ನು ಚಿತ್ರವಾಗಿ ಮಾಡಿ ಏರಿಸುತ್ತಾರೆ, ಹಿಂದೆ ಸೂರ್ಯಾಸ್ತ, ಮುಂದೆ ಕವಿತೆ. ದಯವಿಟ್ಟು ಬೇಡ. ಅಂಥ ಕವಿತೆಯನ್ನು ಹುಡುಕುಯಂತ್ರ ಹಿಡಿಯುವುದು ಅನುಮಾನ. ಕಣ್ಣು ಕಾಣದ ಓದುಗರು ಫೋನಿನಿಂದ ಓದಿಸಿ ಕೇಳುತ್ತಾರಲ್ಲ, ಅವರಿಗೂ ದಕ್ಕುವುದಿಲ್ಲ.

ಫೋನಿಗೆ ಮಾತಾಡಿ ಬರೆಸುವುದು ಈಗ ಸುಲಭ. ಕರಡಿಗೆ ಚೆನ್ನಾಗಿದೆ. ಆದರೆ ಅದು ಳ-ಲ, ಣ-ನ, ಹ-ಅಗಳ ವಿಷಯದಲ್ಲಿ ತನ್ನಿಷ್ಟಕ್ಕೆ ಬರೆದುಕೊಳ್ಳುತ್ತದೆ, ಪೂರ್ಣವಿರಾಮದ ಗೊಡವೆಗೆ ಹೋಗುವುದಿಲ್ಲ. ಪ್ರಕಟಿಸುವ ಮೊದಲು ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಿ.

ನಿಮಗೆ ಮಾತ್ರ ಗೊತ್ತಿರುವುದು

ಶೀರ್ಷಿಕೆಯಿಂದಲೇ ಹೇಳುತ್ತೇನೆ. ‘ಮಂಜಿನ ಮುಸುಕಿನಲ್ಲಿ ಮನಸು’ ಎಂದರೆ ಪರಿಚಿತರು ಓದುತ್ತಾರೆ. ‘ಕವಲೇದುರ್ಗ: ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಹೋದದ್ದು’ ಎಂದರೆ ಐದು ವರ್ಷದ ಮೇಲೆ ಹೊರಡುವವರೂ ಓದುತ್ತಾರೆ. ಕವಿತ್ವ ಬಿಡಬೇಕೆಂದಲ್ಲ, ಅದನ್ನು ಒಳಗೆ ಇಟ್ಟುಕೊಳ್ಳಿ.

ಬರಹದೊಳಗೆ ‘ಮೊನ್ನೆ’, ‘ಕಳೆದ ಭಾನುವಾರ’, ‘ಈ ಸಲದ ಮಳೆ’ ಎಂಬ ಮಾತುಗಳಿಗೆ ವರ್ಷದೊಳಗೆ ಅರ್ಥ ಹೋಗುತ್ತದೆ. ತಿಂಗಳು, ಇಸವಿ ಬರೆಯಿರಿ. ಊರಿನ ಹೆಸರಿನ ಜೊತೆ ತಾಲ್ಲೂಕು, ಜಿಲ್ಲೆ ಕೊಡಿ. ಹೊಸೂರು, ಹಳೆಯೂರು, ರಾಮನಗರ ಎಂಬ ಊರುಗಳು ನಮ್ಮಲ್ಲಿ ಎಷ್ಟಿಲ್ಲ!

ಏನು ಬರೆಯಬೇಕು ಎಂಬ ಪ್ರಶ್ನೆಗೆ ನನ್ನದು ಒಂದೇ ಒರೆಗಲ್ಲು: ಇದನ್ನು ನಾನಲ್ಲದೆ ಬೇರೆಯವರು ಬರೆಯಬಲ್ಲರೇ? ಅಡಿಕೆಯ ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ ಹೇಗೆ ಮಾಡುವುದೆಂದು ಎಲ್ಲ ಕರಪತ್ರಗಳಲ್ಲೂ ಇದೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅದನ್ನೇ ಮತ್ತೆ ಬರೆದರೆ ಸಾವಿರದ ಒಂದನೆಯ ಕರಪತ್ರವಾಯಿತು. ನಿಮ್ಮ ತೋಟದಲ್ಲಿ ಮೊದಲ ಸುತ್ತು ಮುಗಿಯುವ ಮೊದಲೇ ಮಳೆ ಹಿಡಿದಾಗ ಏನು ಮಾಡಿದಿರಿ, ಮರ ಹತ್ತುವ ಕೊನೆಗೌಡ ಸಿಗದೆ ಕಾರ್ಬನ್ ಫೈಬರ್ ದೋಟಿ ಹಿಡಿದದ್ದು ಹೇಗಾಯಿತು, ಎಕರೆಗೆ ಎಷ್ಟು ಲೀಟರ್ ಹೋಯಿತು, ಕೂಲಿ ಎಷ್ಟು ಬಿತ್ತು, ಕಡೆಗೆ ಎಷ್ಟು ಕಾಯಿ ಉದುರಿತು. ಇದನ್ನು ಜೂನಿನಿಂದ ಸೆಪ್ಟೆಂಬರಿನ ತನಕ, ತಾರೀಖು ಸಮೇತ ಬರೆದಿಟ್ಟರೆ ಹತ್ತು ವರ್ಷದ ಮೇಲೂ ಅದು ಕೆಲಸಕ್ಕೆ ಬರುವ ಬರಹ. ಸರಿ ಬರದ ಪ್ರಯೋಗವನ್ನು ಬರೆದರೆ ಇನ್ನೂ ಉತ್ತಮ, ಕರಪತ್ರಗಳಲ್ಲಿ ಅವು ಎಂದೂ ಇರುವುದಿಲ್ಲ.

ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುವುದನ್ನು ‘ಉತ್ತರ ಕರ್ನಾಟಕದ ವಿಶಿಷ್ಟ ಆಚರಣೆ’ ಎಂದು ಬರೆದವರು ಬಹಳ. ನಿಮ್ಮ ಮನೆಯ ಬುತ್ತಿಯಲ್ಲಿ ಏನೇನಿತ್ತು, ಕರಿಗಡಬಿನ ಹೂರಣಕ್ಕೆ ಏನು ಹಾಕುತ್ತಿದ್ದರು, ಚರಗ ಚೆಲ್ಲುವಾಗ ಯಾರು ಮುಂದೆ, ಯಾರು ಹಿಂದೆ, ಅದು ಯಾವ ವರ್ಷ ನಿಂತಿತು ಅಥವಾ ಟ್ರ್ಯಾಕ್ಟರ್ ಬಂದ ಮೇಲೆ ಹೇಗೆ ಬದಲಾಯಿತು ಎಂಬುದು ನಿಮ್ಮಲ್ಲಿ ಮಾತ್ರ ಇದೆ. ಯಕ್ಷಗಾನ ನೋಡಿ ಬಂದರೆ ‘ಅದ್ಭುತ’ ಎನ್ನುವ ಬದಲು ಮೇಳ, ಪ್ರಸಂಗ, ಊರು, ತಾರೀಖು, ಭಾಗವತರು, ಯಾವ ಪದ್ಯಕ್ಕೆ ಯಾರು ಎಷ್ಟು ಹೊತ್ತು ಕುಣಿದರು ಎಂದು ಬರೆಯಿರಿ. ರಂಗದ ಮೇಲೆ ಆದದ್ದು ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತದೆ.

ಹುಡುಕಿದ ತಕ್ಷಣ ಮೇಲ್ಗಡೆ ಯಂತ್ರವೇ ಸಾರಾಂಶ ಬರೆದುಕೊಡುವ ಕಾಲ ಇದು. ಸಾಮಾನ್ಯ ಜ್ಞಾನದ ಬರಹಗಳಿಗೆ ಓದುಗರು ಕಡಿಮೆಯಾಗುತ್ತಾರೆ, ಅನುಮಾನವಿಲ್ಲ. ನಿಮ್ಮ ತೋಟದ, ನಿಮ್ಮ ಅಡುಗೆಮನೆಯ ವಿವರಕ್ಕೆ ಯಂತ್ರವೂ ನಿಮ್ಮ ಬಳಿಗೇ ಬರಬೇಕು.

ಕಚೇರಿ ಕೆಲಸಗಳ ಬರಹಗಳಿಗೆ, ಅಂದರೆ ಪಹಣಿ ತಿದ್ದುಪಡಿ, ಇ-ಖಾತೆ, ಪಾಸ್‌ಪೋರ್ಟ್ ಇತ್ಯಾದಿಗೆ, ಓದುಗರು ಬಹಳ. ಆದರೆ ನಿಯಮ ಬದಲಾಗುತ್ತಿರುತ್ತದೆ. ಮೇಲ್ಗಡೆಯೇ ‘ಈ ವಿವರ ಇಂಥ ತಿಂಗಳಿನದು’ ಎಂಬ ಒಂದು ಸಾಲು ಹಾಕಿ, ಬದಲಾದದ್ದು ತಿಳಿದಾಗ ಅದೇ ಬರಹವನ್ನು ತಿದ್ದಿ. ಹೊಸ ಬರಹ ಹಾಕಿ ಹಳೆಯದನ್ನು ಹಾಗೇ ಬಿಟ್ಟರೆ ಜನ ಹಳೆಯದನ್ನೇ ಓದಿಕೊಂಡು ನಾಡಕಚೇರಿಗೆ ಹೋಗುತ್ತಾರೆ.

ಅಂಕಿಸಂಖ್ಯೆಯ ಗೀಳು, ಹಣದ ಆಸೆ

ಬ್ಲಾಗರಿನ ಒಳಪುಟದಲ್ಲಿ ಕಾಣುವ ಓದುಗರ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಒಂದು ರಾತ್ರಿ ಯಾವುದೋ ದೂರದ ದೇಶದಿಂದ ಸಾವಿರಾರು ಜನ ನಿಮ್ಮ ಹನಿಗವನ ಓದಿದರೆಂದು ತೋರಿಸಿದರೆ ಅವರು ಜನ ಅಲ್ಲ, ಸುತ್ತುವ ಬಾಟ್‌ಗಳು. ‘ಇಲ್ಲಿಂದ ಬಂದರು’ ಎಂಬ ಪಟ್ಟಿಯಲ್ಲಿ ಅಪರಿಚಿತ ಕೊಂಡಿ ಕಂಡರೆ ಕುತೂಹಲಕ್ಕೂ ಒತ್ತಬೇಡಿ, ನೀವು ಒತ್ತಲೆಂದೇ ಅದನ್ನು ಅಲ್ಲಿಟ್ಟಿರುತ್ತಾರೆ.

ಅದಕ್ಕಿಂತ ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನ ಉಪಯೋಗಕ್ಕೆ ಬರುತ್ತದೆ. ಯಾವ ಪದ ಹುಡುಕಿದವರಿಗೆ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒಳಗೆ ಬಂದರು ಎಂದು ಹದಿನಾರು ತಿಂಗಳ ಲೆಕ್ಕ ಅದರಲ್ಲಿರುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು. ನೀವು ಮರೆತೇಬಿಟ್ಟಿದ್ದ ಬರಹವೊಂದನ್ನು ಜನ ಹುಡುಕುತ್ತಿರುವುದು ಅಲ್ಲಿ ಗೊತ್ತಾಗುತ್ತದೆ. ಅದನ್ನು ತೆರೆದು, ತಪ್ಪು ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ. ಹೊಸದು ಬರೆಯುವುದಕ್ಕಿಂತ ಇದಕ್ಕೆ ಫಲ ಹೆಚ್ಚು.

ಹಣದ ವಿಷಯ ಚುಟುಕಾಗಿ. ಗೂಗಲ್ ಆಡ್‌ಸೆನ್ಸ್ ಜಾಹೀರಾತು ಹಿಂದಿ ಪುಟಗಳಿಗೇ ಬಂದದ್ದು 2014ರಲ್ಲಿ, ಕನ್ನಡ ಇನ್ನೂ ಬಹಳ ಕಾಯಬೇಕಾಯಿತು. ಈಗಲೂ ಗಳಿಕೆ 100 ಡಾಲರ್ ಮುಟ್ಟುವ ತನಕ ಕೈಗೆ ಬರುವುದಿಲ್ಲ. ಸ್ವಂತ ಅನುಭವದ ಬ್ಲಾಗಿಗೆ ಅದು ಎಷ್ಟು ವರ್ಷವೋ. ಅಷ್ಟರ ತನಕ ಅಮ್ಮನ ನೆನಪಿನ ಬರಹದ ನಡುವೆ ತೂಕ ಇಳಿಸುವ ಪುಡಿಯ ಜಾಹೀರಾತು. ನನ್ನನ್ನು ಕೇಳಿದರೆ ಬೇಡ. ಬ್ಲಾಗಿನಿಂದ ಲಾಭ ಬರುವುದು ಬಳಸು ದಾರಿಯಲ್ಲಿ: ಪತ್ರಿಕೆಯಿಂದ ಅಂಕಣದ ಕರೆ, ಪ್ರಕಾಶಕರ ವಿಚಾರಣೆ, ಭಾಷಾಂತರದ ಕೆಲಸ, ಅದಕ್ಕೂ ಮುಖ್ಯವಾಗಿ ನಿಮ್ಮಷ್ಟೇ ಹುಚ್ಚಿರುವ ನಾಲ್ಕು ಜನರ ಪರಿಚಯ. ಅದಕ್ಕಾಗಿ ‘ನನ್ನ ಬಗ್ಗೆ’ ಪುಟದಲ್ಲಿ ಒಂದು ಇಮೇಲ್ ವಿಳಾಸ ಇರಲಿ. ಮನೆ ವಿಳಾಸ, ಫೋನ್ ನಂಬರ್ ಬೇಡ.

ಕದ್ದವರು, ಮುನಿದವರು

ಬರಹ ಚೆನ್ನಾಗಿದ್ದರೆ ಕಳುವಾಗುತ್ತದೆ. ನಿಮ್ಮ ಹೆಸರು ಉದುರಿ ವಾಟ್ಸಾಪಿನಲ್ಲಿ ಸುತ್ತಿ, ಕಡೆಗೆ ನಿಮ್ಮ ಚಿಕ್ಕಪ್ಪನೇ ‘ಚೆನ್ನಾಗಿದೆ, ಓದು’ ಎಂದು ನಿಮಗೇ ಕಳಿಸುತ್ತಾರೆ. ವಾಟ್ಸಾಪನ್ನು ತಡೆಯಲಾಗದು. ಕೊನೆಯಲ್ಲಿ ಹಾಕಿದ ಹೆಸರನ್ನು ಅಳಿಸುವುದು ಸುಲಭ, ಆದ್ದರಿಂದ ಬರಹದ ಮೈಯಲ್ಲೇ ನಿಮ್ಮ ಊರು, ನಿಮ್ಮವರ ಹೆಸರು ಬರುವಂತೆ ಬರೆಯುವುದೊಂದು ಉಪಾಯ. ಫೇಸ್‌ಬುಕ್ಕಿನಲ್ಲೋ ಬೇರೆ ತಾಣದಲ್ಲೋ ಪೂರ್ತಿ ನಕಲು ಕಂಡರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ವಿನಯವಾಗಿ ಒಂದು ಸಂದೇಶ ಕಳಿಸಿ. ಬಹಳ ಸಲ ಅಷ್ಟರಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಫೇಸ್‌ಬುಕ್, ಗೂಗಲ್ ಎರಡರಲ್ಲೂ ಹಕ್ಕುಸ್ವಾಮ್ಯದ ದೂರಿಗೆ ಅರ್ಜಿ ನಮೂನೆ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ.

ಅದೇ ಕಾಯ್ದೆ ನಮ್ಮ ಕೈಯನ್ನೂ ಕಟ್ಟುತ್ತದೆ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಲೆಕ್ಕ ಹಾಕಿ. ‘ನನಗಿಷ್ಟವಾದ ಕವಿತೆ’ ಎಂದು ಇಡೀ ಕವಿತೆ ಟೈಪಿಸಿ ಹಾಕುವುದು ಪ್ರೀತಿಯೇ ಇರಬಹುದು, ಅನುಮತಿಯಲ್ಲ. ಗೂಗಲಿನಲ್ಲಿ ಸಿಕ್ಕ ಫೋಟೊ ಕೂಡ ಹಾಗೆಯೇ. ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಳ್ಳಿ, ಛಾಯಾಗ್ರಾಹಕರ ಹೆಸರು, ಪರವಾನಗಿ ನಮೂದಿಸಿ. ನಿಮ್ಮದೇ ಫೋನಿನ ಮಸುಕು ಚಿತ್ರವಾದರೂ ಅದಕ್ಕಿಂತ ಮೇಲು.

ಕಳ್ಳರಿಗಿಂತ ಕಷ್ಟ ಕೊಡುವವರು ನೆಂಟರು. ಚಿಕ್ಕಮ್ಮನ ಮದುವೆಯ ಗಲಾಟೆಯನ್ನು ತಮಾಷೆಯಾಗಿ ಬರೆದಿರುತ್ತೀರಿ. ಹುಡುಕಿದವರಿಗೆಲ್ಲ ಸಿಗುವ ಜಾಗದಲ್ಲಿ ಅದು ಇದೆ ಎಂಬುದು ಚಿಕ್ಕಮ್ಮನಿಗೆ ತಮಾಷೆಯಲ್ಲ. ಬದುಕಿರುವವರ ಬಗ್ಗೆ ಬರೆದರೆ ಅವರಿಗೆ ಮೊದಲು ಓದಿಸಿ. ಹೆಸರು ಬದಲಿಸಿದರೆ ಸಾಲದು, ಊರವರಿಗೆ ಗುರುತು ಹತ್ತುತ್ತದೆ. ಮಕ್ಕಳ ಶಾಲೆಯ ಹೆಸರು, ಸಮವಸ್ತ್ರದ ಚಿತ್ರ ಬೇಡವೇ ಬೇಡ. ಊರಿನ ವ್ಯವಹಾರದ ಬಗ್ಗೆ, ಗುತ್ತಿಗೆ, ಸೊಸೈಟಿ, ದೇವಸ್ಥಾನದ ಲೆಕ್ಕಪತ್ರದ ಬಗ್ಗೆ ಬರೆಯುವವರಿಗೆ ಗೊತ್ತಿರಬೇಕಾದದ್ದು: ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೆಯ ಸೆಕ್ಷನ್ನಿನಲ್ಲಿದೆ, ಬರೆದದ್ದು ನಿಜವಾಗಿದ್ದರಷ್ಟೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ಇರಬೇಕು. ದಾಖಲೆ ಕೈಯಲ್ಲಿರಲಿ. ಸರ್ಕಾರಿ ನೌಕರರು ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು, 2021 ಓದಿಕೊಂಡೇ ಸರ್ಕಾರದ ವಿಷಯಕ್ಕೆ ಕೈಹಾಕಬೇಕು.

ಬರೆಯಲಾಗದ ತಿಂಗಳುಗಳು

ಎಲ್ಲರಿಗೂ ಬರುತ್ತವೆ. ಆಗ ಮಾಡಬಾರದ ಒಂದೇ ಕೆಲಸ ಕ್ಷಮೆ ಕೇಳುವ ಬರಹ ಹಾಕುವುದು. ಯಾರೂ ದೂರು ಕೊಟ್ಟಿರಲಿಲ್ಲ. ವಾರಕ್ಕೊಂದು ಎಂಬ ವ್ರತವನ್ನು ಹಿಡಿಯಲೇಬೇಡಿ. ಬದಲಿಗೆ ಕೈಗೆಟುಕುವ ಸಣ್ಣ ಕೆಲಸವೊಂದನ್ನು ಇಟ್ಟುಕೊಳ್ಳಿ. ಮನೆಯಲ್ಲಿ ಅಜ್ಜಿ ಬಳಸುವ ಒಂದು ಮಾತು, ಇವತ್ತಿನ ಮಳೆಯ ಪ್ರಮಾಣ, ಒಂದು ಹಳೆಯ ಫೋಟೊ ಮತ್ತು ಅದರಲ್ಲಿರುವವರ ಸಂಬಂಧದ ವಿವರ. ಐದು ಸಾಲಿನ ಬರಹಕ್ಕೂ ಹುಡುಕಿಕೊಂಡು ಬರುವವರಿದ್ದಾರೆ. ಇನ್ನೂ ಬರೆಯಲಾಗದಿದ್ದರೆ ಹಳೆಯ ಬರಹಗಳಿಗೆ ಹೋಗಿ, ಮುರಿದ ಕೊಂಡಿ ಸರಿಮಾಡಿ, ವಿಷಯವಾರು ಲೇಬಲ್ ಹಾಕಿ. ಇದು ಬರಹವಲ್ಲ ನಿಜ, ಓದುಗರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸಾಕು ಎನಿಸಿದರೆ ನಿಲ್ಲಿಸಬಹುದು. ಅಳಿಸುವುದು ಮಾತ್ರ ಬೇಡ. ಸಿಟ್ಟಿನಲ್ಲಿ, ಬೇಸರದಲ್ಲಿ ಬ್ಲಾಗು ಅಳಿಸಿ ಆಮೇಲೆ ಮರುಗಿದವರ ಸಂಖ್ಯೆ ಸಣ್ಣದಲ್ಲ.

ನೀವು ಅಳಿಸದಿದ್ದರೂ ಬೇರೆಯವರು ಅಳಿಸಬಹುದು. ಜಿಯೋಸಿಟೀಸ್ 2009ರಲ್ಲಿ ಹೋಯಿತು, ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ. 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ, ಬ್ಲಾಗರಿಗೆ ಅದರ ಪ್ರತಿಕ್ರಿಯೆ ಪೆಟ್ಟಿಗೆ ಜೋಡಿಸಿಕೊಂಡಿದ್ದವರು ಓದುಗರು ಬರೆದಿದ್ದ ಮಾತುಗಳನ್ನೆಲ್ಲ ಕಳೆದುಕೊಂಡರು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಬರೆಯದಿದ್ದರೂ ಆಗಾಗ ಲಾಗಿನ್ ಆಗಿ. ಖಾತೆಗೆ ಕೊಟ್ಟ ಫೋನ್ ನಂಬರ್ ಈಗಲೂ ನಿಮ್ಮದೇ ಎಂದು ನೋಡಿಕೊಳ್ಳಿ, ಸಿಮ್ ಬದಲಿಸಿ ಬ್ಲಾಗಿನಿಂದ ಹೊರಬಿದ್ದವರಿದ್ದಾರೆ.

ಬ್ಲಾಗರಿನ ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಕಪ್’ ಒತ್ತಿದರೆ ಬರಹಗಳೆಲ್ಲ ಒಂದೇ ಕಡತವಾಗಿ ಇಳಿಯುತ್ತವೆ. ವರ್ಡ್‌ಪ್ರೆಸ್‌ನಲ್ಲಿ ‘ಎಕ್ಸ್‌ಪೋರ್ಟ್’ ಎಂದಿರುತ್ತದೆ. ಎರಡರಲ್ಲೂ ಚಿತ್ರಗಳು ಬರುವುದಿಲ್ಲ, ಅವುಗಳ ಕೊಂಡಿ ಮಾತ್ರ. ಚಿತ್ರಗಳನ್ನು ಬೇರೆ ಫೋಲ್ಡರಿನಲ್ಲಿ, ಬರಹದ ಹೆಸರಿಟ್ಟು ಉಳಿಸಿಕೊಳ್ಳಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಮುಖ್ಯವೆನಿಸಿದ ಬರಹಗಳ ಕೊಂಡಿಯನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಹಾಕಿ ‘ಸೇವ್ ಪೇಜ್ ನೌ’ ಒತ್ತಿ. ನಿಮ್ಮ ತಾಣ ಹೋದರೂ ಪುಟದ ಪ್ರತಿ ಅಲ್ಲಿ ಇರುತ್ತದೆ, ಖರ್ಚಿಲ್ಲ.

ಇನ್ನು ನಾವೇ ಇಲ್ಲವಾದರೆ? ಗೂಗಲ್ ಖಾತೆಯಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬುದಿದೆ. ಮೂರು ತಿಂಗಳಿಂದ ಹದಿನೆಂಟು ತಿಂಗಳ ತನಕ ಒಂದು ಅವಧಿ ಗೊತ್ತುಮಾಡಬಹುದು. ಅಷ್ಟು ಕಾಲ ಖಾತೆ ಸುಮ್ಮನಿದ್ದರೆ ನೀವು ಹೆಸರಿಸಿದವರಿಗೆ, ಹತ್ತು ಜನರ ತನಕ, ಸುದ್ದಿಯೂ ಕಡತಗಳೂ ಹೋಗುತ್ತವೆ. ಮಗನೋ ಮಗಳೋ ಗೆಳೆಯರೋ, ಕನ್ನಡ ಓದಲು ಬರುವ ಒಬ್ಬರನ್ನಾದರೂ ಅದರಲ್ಲಿ ಸೇರಿಸಿ, ಸೇರಿಸಿದ್ದನ್ನು ಅವರಿಗೆ ಹೇಳಿ. ಡೊಮೇನ್ ಎಲ್ಲಿ ಕೊಂಡದ್ದು, ಯಾವ ತಿಂಗಳಲ್ಲಿ ಹಣ ಕಟ್ಟಬೇಕು ಎಂಬುದನ್ನು ಎಲ್‌ಐಸಿ ಬಾಂಡು, ಬ್ಯಾಂಕ್ ಪಾಸ್‌ಬುಕ್ಕು ಇಡುವ ಕಡತದಲ್ಲೇ ಒಂದು ಹಾಳೆಯಲ್ಲಿ ಬರೆದು ಸೇರಿಸಿ.